ಮಷಿನ್ ಕೊಟ್ಟ ನಿವೃತ್ತಿ

ಗೋವಾದ ವೆರ್ಣಾದ ಕಾರ್ಖಾನೆಯ ಗೇಟಿನಲ್ಲಿ ಸೋಮಲಪ್ಪ ಬೆರಳಿಟ್ಟರೆ ಮಷಿನ್ ಕೆಂಪು ದೀಪ ಹಚ್ಚಿ, ‘ಐವತ್ತೆಂಟು ತುಂಬಿದೆ, ನಿವೃತ್ತಿ’ ಎಂದು ತೋರಿಸಿತು. ವಾಚ್‌ಮನ್ “ಹಾಂವ್ ಕಿತೆಂ ಕರೂಂ?”, ನಾನೇನು ಮಾಡಲಿ ಎಂದು ಕೊಂಕಣಿಯಲ್ಲಿ ಕೈಚೆಲ್ಲಿ, ಹಾಜರಿಯ ಹೊಸ ಸಾಫ್ಟ್‌ವೇರ್ ಬರೆದ ವಿದ್ಯಾಳ ಕೋಣೆಗೆ ಅವನನ್ನು ಕಳಿಸಿದ.

“ಜೂನ್ ತನಕಾ ಕೆಲಸ ಐತ್ರಿ ಮೇಡಂ ನಂದು,” ಎಂದ ಅವನು. “ನಮ್ಮಾಕಿ ಬಾಳಮ್ಮನ ಕಣ್ಣಿನ ಆಪರೇಶನ್ ಮುಂದಿನ ತಿಂಗಳ ಐತಿ. ಕೆಲಸ ಹೋದ್ರ ಕಂಪನಿಯ ದವಾಖಾನಿ ಕಾರ್ಡ್ ನಡ್ಯೂದಿಲ್ಲ. ಆಕಿಗೆ ಈಗ ನನ್ನ ಮುಖಾನೂ ಸರಿ ಕಾಣವಲ್ದು.”

ವಿದ್ಯಾ ಅವನ ದಾಖಲೆ ತೆರೆದಳು. ಸಾಫ್ಟ್‌ವೇರ್ ಶುರುವಾಗಿ ವಾರವೂ ಆಗಿಲ್ಲ. ತೆರೆಯ ಮೇಲೆ ಅವನು ಹುಟ್ಟಿದ್ದು ಜನವರಿ ಆರು ಎಂದಿತ್ತು, ಅಂದರೆ ಇವತ್ತೇ. ಕೆಳಗಿನ ಹೆಸರು ಸತ್ಯವ್ವ, ಅವಳದೂ ಜನವರಿ ಆರು. ಕಂಠೆಪ್ಪನದೂ ಅದೇ. ಗದಗ, ಬಾಗಲಕೋಟೆ ಕಡೆಯಿಂದ ಬಂದವರೆಲ್ಲ ಮಾತಾಡಿಕೊಂಡು ಒಂದೇ ದಿನ ಹುಟ್ಟಿದರೇನು?

“ಕಾಕಾ, ನಿಮ್ಮ ಜನ್ಮತಾರೀಖು ಸಾಲಿ ಮಾಸ್ತರ ಬರದದ್ದಲ್ಲೇನ್ರಿ?”

“ಹೂಂ ಯವ್ವಾ. ಜೂನ್ ಒಂದು. ಆವಾಗ ಎಲ್ಲಾರಿಗೂ ಅದ ಬರೀತಿದ್ರು.”

ವಿದ್ಯಾ ಹಣೆ ಚಚ್ಚಿಕೊಂಡಳು. ಶಾಲೆ ಶುರುವಾಗುವ ದಿನವನ್ನೇ ಊರ ಮಕ್ಕಳಿಗೆಲ್ಲ ಹಂಚಿದ ಮಾಸ್ತರರ ಕಥೆ ಅವಳಿಗೇನು ಹೊಸದೇ? ಅವಳ ಅಪ್ಪನದೂ ಜೂನ್ ಒಂದೇ. ಮೊದಲು ಒಂದು, ಆಮೇಲೆ ಆರು ಎಂದು ಬರೆದದ್ದನ್ನು ಅವಳ ಪ್ರೋಗ್ರಾಂ ಅಮೆರಿಕದವರ ಹಾಗೆ ತಿಂಗಳು ಮೊದಲು, ದಿನ ಆಮೇಲೆ ಎಂದು ಓದಿತ್ತು. ದಿನವೇ ಮೊದಲು ಎಂದು ಒಂದು ಸಾಲು ತಿದ್ದಿ, ಅವನ ದಾಖಲೆ ಮತ್ತೆ ತೆರೆದಳು. ಜೂನ್ ಒಂದು. ಇವನದಷ್ಟೇ ಅಲ್ಲ, ಎಲ್ಲರದೂ. ಅಬ್ಬಾ, ಜೀವ ಬಂದಂತಾಯಿತು ಅವಳಿಗೆ.

ಗೇಟಿಗೆ ತಾನೇ ಜೊತೆಗೆ ಹೋದಳು. ಸೋಮಲಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡು ಇಟ್ಟ. ಹಸಿರು ದೀಪ ಹತ್ತಿತು. ಮುಖವೆಲ್ಲ ನಗುವಾಗಿ ಒಳಗೆ ಹೆಜ್ಜೆಯಿಟ್ಟವನು ಮತ್ತೆ ಹಿಂದಿರುಗಿ ಸಣ್ಣ ದನಿಯಲ್ಲಿ ಹೇಳಿದ:

“ಖರೇ ಹೇಳಬೇಕಂದ್ರ ಯವ್ವಾ, ಮಷಿನ್ ಹೇಳಿದ್ದ ಬರೋಬ್ಬರಿ ಇತ್ತು. ನಮ್ಮವ್ವ ನನ್ನ ಹಡದದ್ದು ಜನವರಿಯಾಗ, ಎಳ್ಳ ಅಮಾಸಿ ದಿನ, ಭೂತಾಯಿಗೆ ಎಡಿ ಅಂತ ಹೊಲಕ್ಕ ಚರಗ ಚೆಲ್ಲಾಕ ಹೋದಾಗ.”

ವಿದ್ಯಾ ಮಷಿನ್ನಿಗೆ ಅಡ್ಡ ನಿಂತಳು. “ಅದರ ಮುಂದ ಹೇಳಬ್ಯಾಡ್ರಿ ಕಾಕಾ. ಲಗೂನ ಒಳಗ ನಡೀರಿ.”