ಓಣಿ ಖಾಲಿ ಐತಿ

ಸ್ವಪ್ನಾ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲು ದಾಟುವುದಕ್ಕೂ ಗ್ಯಾಸ್ ಸಿಲಿಂಡರಿನವನು ಎದುರು ಬರುವುದಕ್ಕೂ ಸರಿಹೋಯಿತು. ಹಿಂದಿನಿಂದ ಅಜ್ಜಿ ಅನ್ನದಾನಮ್ಮ ಮೊಮ್ಮಗಳ ಬ್ಯಾಗು ಹಿಡಿದು ಜಗ್ಗಿದಳು. ಹೊರಟ ಹೊತ್ತಿಗೆ ಯಾರಾದರೂ ಎದುರು ಬಂದರೆ ಒಳಗೆ ಬಂದು ಕುಳಿತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ರಾಯದುರ್ಗದ ಆ ಮನೆಯಲ್ಲಿ ಈ ಕಾನೂನಿಗೆ ಅಪೀಲಿಲ್ಲ. ಹಾಲಿನವನಿಗೊಂದು, ರವಿಕೆ ಹೊಲಿಸಲು ಬಂದವಳಿಗೊಂದು, ಈಗ ಸಿಲಿಂಡರಿಗೊಂದು ಎಂದು ಬೆಳಗಿನಿಂದ ಸ್ವಪ್ನಾಳ ಹೊಟ್ಟೆಗೆ ಮೂರು ಲೋಟ ನೀರು ಬಿದ್ದಿತ್ತು. ಎರಡನೆಯ ಲೋಟ ಮುಗಿಯುವಷ್ಟರಲ್ಲಿ ಅನಂತಪುರದ ಎಂಟು ಗಂಟೆಯ ಬಸ್ಸು ಹೋಗಿಯಾಗಿತ್ತು.

ಒಂಬತ್ತರ ಬಸ್ಸೂ ತಪ್ಪಿದರೆ ಹೈದರಾಬಾದಿನ ರೈಲು ತಪ್ಪುತ್ತದೆ. ರೈಲು ತಪ್ಪಿದರೆ ನಾಳೆ ಬೆಳಿಗ್ಗೆ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿ ನಡೆಯುವ ಕೊನೆಯ ಪರೀಕ್ಷೆ ತಪ್ಪುತ್ತದೆ. ಆಮೇಲೆ ಇನ್ನಾರು ತಿಂಗಳು ಬೇರೆಯವರು ಮೈಕು ಹಿಡಿದು ವಿಮಾನ ಇಳಿಸುವುದನ್ನು ಹಿಂದೆ ಕುಳಿತು ನೋಡುವುದೇ ಗತಿ. ಸ್ವಪ್ನಾಳಿಗೆ ಅಳುವೇ ಬಂತು. ಇದೆಲ್ಲ ಬರೀ ಮೂಢನಂಬಿಕೆ ಎಂದು ಅಜ್ಜಿಯ ಮೇಲೆ ರೇಗಿದಳು.

ಅಜ್ಜಿ ಹೊಲಿಗೆ ಯಂತ್ರದ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸುತ್ತ, "ಅಲ್ಲಿ ನೀನೇನ್ ಕೆಲ್ಸ ಮಾಡ್ತೀಯವ್ವ, ಹೇಳು ನೋಡೂಣು" ಎಂದಳು.

ಸ್ವಪ್ನಾ ಸಿಟ್ಟಿನಲ್ಲೇ ಹೇಳಿದಳು. ಒಂದು ರನ್‌ವೇ ಮೇಲೆ ಒಂದು ಸಲಕ್ಕೆ ಒಂದೇ ವಿಮಾನ. ಇಳಿಯುವ ವಿಮಾನ ಹತ್ತಿರ ಬಂದಿದ್ದರೆ ಹೊರಡುವ ವಿಮಾನವನ್ನು ಪಕ್ಕದಲ್ಲೇ ನಿಲ್ಲಿಸಬೇಕು. ಇಳಿದದ್ದು ರನ್‌ವೇ ಬಿಟ್ಟು ಆಚೆ ಸರಿದ ಮೇಲೆಯೇ ಇದನ್ನು ಬಿಡಬೇಕು. ನಿಲ್ಲಿಸಿದವರು ಬಾಯಿಬಿಟ್ಟು ಹೋಗು ಅನ್ನುವವರೆಗೆ ಎಷ್ಟೇ ದೊಡ್ಡ ಪೈಲಟ್ ಆದರೂ ಅಲ್ಲಾಡುವ ಹಾಗಿಲ್ಲ.

"ನೀನು ಮಾಡಿದ್ರ ಸರ್ಕಾರ ಪಗಾರ ಕೊಡ್ತೈತಿ," ಎಂದಳು ಅಜ್ಜಿ. "ನಾನು ಪುಕ್ಕಟೆ ಮಾಡಿದ್ರ ಮೂಢನಂಬಿಕಿ."

ಸ್ವಪ್ನಾಳಿಗೆ ಉಪಾಯವೊಂದು ಹೊಳೆಯಿತು. ದಡದಡ ಮಾಳಿಗೆ ಹತ್ತಿದಳು. ಅಲ್ಲಿಂದ ಓಣಿ ತಿರುವಿನ ಆಚೆಗೂ ಕಾಣುತ್ತಿತ್ತು. ನೋಡಿದರೆ ಮೂವರು ಇತ್ತಲೇ ಬರುತ್ತಿದ್ದಾರೆ. ಮುಂದೆ ಕಿರಾಣಿ ಅಂಗಡಿಯ ಮುದ್ದಪ್ಪ, ಅವನ ಹಿಂದೆ ಪಕ್ಕದ ಓಣಿಯ ಪುಟ್ಟಕ್ಕ, ಅವಳ ಹಿಂದೆ ಅಜ್ಜಿಯ ಹತ್ತಿರವೇ ಹೊಲಿಗೆ ಕಲಿತು ಈಗ ಜೀನ್ಸ್ ಪ್ಯಾಂಟಿನ ಅಂಗಡಿ ಇಟ್ಟಿರುವ ಸುನೀಲ್. ಒಬ್ಬೊಬ್ಬರಿಗೆ ಒಂದೊಂದು ಲೋಟ! ಇವತ್ತೇ ಎಲ್ಲರೂ ಅಡ್ಡ ಬರಬೇಕೇ ಎಂದು ಹಲ್ಲು ಕಡಿಯುತ್ತ ಸ್ವಪ್ನಾ ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಿದಳು. ತಿರುವಿನ ಆಚೆಗೇ, ಮುದ್ದಪ್ಪ ಬೇವಿನ ಮರದ ಹತ್ತಿರ, ಪುಟ್ಟಕ್ಕ ಹಿಟ್ಟಿನ ಗಿರಣಿಯ ಹತ್ತಿರ, ಸುನೀಲ್ ಓಣಿಯ ಬಾಯಲ್ಲೇ ನಿಲ್ಲಬೇಕು. ತಾನು ಹೇಳುವವರೆಗೆ ಒಂದು ಹೆಜ್ಜೆ ಮುಂದಿಡಬಾರದು. ಯಾರೂ ಯಾಕೆಂದು ಕೇಳಲಿಲ್ಲ. ಅನ್ನದಾನಮ್ಮನ ಕೈಯ ಲೋಟ ಆ ಓಣಿಗೆಲ್ಲ ಗೊತ್ತಿದ್ದದ್ದೇ.

ಕೆಳಗಿಳಿದು ಬಂದಾಗ ಅಜ್ಜಿ ಹೊಸ್ತಿಲಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ತಿರುವಿನವರೆಗೂ ನೋಡಿದಳು. ಮತ್ತೊಮ್ಮೆ ನೋಡಿದಳು.

"ಓಣಿ ಖಾಲಿ ಐತಿ. ಹೋಗಿ ಬಾರವ್ವ."

ತಿರುವು ದಾಟಿದ ಸ್ವಪ್ನಾ ಒಂದು ಗಳಿಗೆ ಹಾಗೇ ನಿಂತುಬಿಟ್ಟಳು. ಅವಳು ನಿಲ್ಲಿ ಎಂದಿದ್ದಳು, ಅಷ್ಟೇ. ಹುಡುಗಿಗೆ ಎದುರಾದ ದೋಷ ತಮ್ಮ ಮೇಲೆ ಬರಬಾರದೆಂದು ಮೂವರೂ ತಾವಾಗಿಯೇ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೈಗಳು ಮಾತ್ರ ಹಿಂದಕ್ಕೆ ಚಾಚಿದ್ದವು. ಮುದ್ದಪ್ಪನ ಕೈಯಲ್ಲಿ ಗುಡಿಯ ವಿಭೂತಿ ಪೊಟ್ಟಣ. ಪುಟ್ಟಕ್ಕನ ಕೈಯಲ್ಲಿ ಬಿಸಿಬಿಸಿ ಒಗ್ಗರಣೆ ಮಂಡಕ್ಕಿಯ ಡಬ್ಬಿ. ಸುನೀಲನ ಕೈಯಲ್ಲಿ ಹೊಸ ಜೀನ್ಸ್ ಪ್ಯಾಂಟು.

"ಎರಡೂ ಕಡೆ ಖರೇ ಜೇಬು ಇಟ್ಟೀನಿ ಅಕ್ಕ, ಬರೇ ತೋರಿಕಿದಲ್ಲ," ಎಂದು ಅವನು ಗೋಡೆಗೆ ಹೇಳಿದ.

ಅವರೆಲ್ಲ ಬರುತ್ತಿದ್ದದ್ದೇ ತನ್ನನ್ನು ಕಳಿಸಿಕೊಡಲು. ಮಾಳಿಗೆಯ ಮೇಲೆ ಹಲ್ಲು ಕಡಿದದ್ದು ನೆನಪಾಗಿ ಸ್ವಪ್ನಾಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮೂರನ್ನೂ ಎದೆಗವಚಿಕೊಂಡು ಓಡಿದಳು. ಬಸ್ಸು ಸಿಕ್ಕಿತು.

ಡಬ್ಬಿಯ ಮಂಡಕ್ಕಿ ಅರ್ಧ ಖಾಲಿಯಾಗಿದ್ದಾಗ ಅಜ್ಜಿಯ ಫೋನು ಬಂತು. ಕೂರಲು ಜಾಗ ಸಿಕ್ಕಿತೇ, ಬಸ್ಸು ಊರು ದಾಟಿತೇ ಎಂದು ವಿಚಾರಿಸಿದಳು. ಊರು ದಾಟಿ ಅರ್ಧ ಗಂಟೆಯೇ ಆಯಿತು ಎಂದಳು ಸ್ವಪ್ನಾ.

"ಹಂಗಾರ ಇವರಿಗೆ ಒಂದ್ ಮಾತು ಹೇಳವ್ವ. ಮೂವರೂ ಇನ್ನಾ ಗ್ವಾಡಿಗೆ ಮಾರಿ ಮಾಡ್ಕೊಂಡು ನಿಂತಾರ. ನಾನು ಬರ್ರಿ ಅಂದ್ರ ಬರವಲ್ರು, ನಿಲ್ಸಿದಾಕಿನೇ ಬಿಡ್ಬೇಕಂತ. ನಾಳಿ ಪರೀಕ್ಷಿಯಾಗ ಯಾರನ್ನೂ ಹಿಂಗ ಮರ್ತು ಬರಬ್ಯಾಡ."