ಮಗ್ಗದ ತಗ್ಗಿನಲ್ಲಿ ಅವ್ವನ ಕಾಲು

ನನ್ನ ನೃತ್ಯಕ್ಕೆ ಬಾದಾಮಿಯ ಶಿಲ್ಪಗಳು ಸ್ಫೂರ್ತಿಯೇ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ, ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ.

ನಾನು ಎರಡನೇ ಇಯತ್ತೆಯಲ್ಲಿದ್ದೆ. ಇಳಕಲ್ಲಿನ ನಮ್ಮ ಮನೆಗೆ ಒಂದು ಮಧ್ಯಾಹ್ನ, ನೇಯ್ಗೆಯ ಮೇಲೆ ಹೊಸ ನೃತ್ಯ ಕಟ್ಟಲೆಂದು ಹೆಂಗಸೊಬ್ಬರು ಪಟ್ಟಣದಿಂದ ಬಂದರು. ಮಗ್ಗದ ಕೆಳಗಿನ ತಗ್ಗಿನೊಳಗೆ ಕಾಲು ಇಳಿಬಿಟ್ಟು, ಅಲ್ಲಿನ ಹಲಗೆ ತುಳಿಯುತ್ತಾ ನೇಯುತ್ತಿದ್ದ ಅವ್ವನ ಕೈ ನೋಡಿ, ತಮ್ಮ ಕೈಯನ್ನೂ ಹಾಗೇ ಗಾಳಿಯಲ್ಲಿ ತೇಲಿಸಿದರು. "ಆಹಾ, ಎಂಥ ಕೈ!" ಎಂದು ಮೂರು ಸಲ ಅಂದರು.

ಅವ್ವ ಲಾಳಿ ನಿಲ್ಲಿಸಿದಳು. "ಬಂದವರೆಲ್ಲಾ ಬರೇ ಕೈ ನೋಡ್ತೀರಿ. ದಿನಾ ಪೂರ್ತಿ ತುಳಿಯೋ ಕಾಲು ಯಾರಿಗೂ ಬ್ಯಾಡೇನ್ರಿ? ಬಗ್ಗಿ ನೋಡ್ರಿ ಅಕ್ಕಾರ."

ಅವರು ಸೀರೆಯ ನಿರಿಗೆ ಹಿಡಿದು ನಕ್ಕರು, ಬಗ್ಗಲಿಲ್ಲ.

ನಾನು ಬಗ್ಗಿದೆ. ಕತ್ತಲಲ್ಲಿ ಅವ್ವನ ಬಾತ ಪಾದಗಳು ಮತ್ತೆ ತುಳಿಯತೊಡಗಿದ್ದವು; ನನ್ನ ನೃತ್ಯದ ಹೆಜ್ಜೆಗಳು ಹುಟ್ಟಿದ್ದು ಅಲ್ಲಿಯೇ. ಅವಳ ಮಗಳಾದ ನಾನೂ ಅಲ್ಲಿಯವರೆಗೆ ಕೈಯನ್ನಷ್ಟೇ ನೋಡಿದ್ದೆ.