ನೀರು ಹಚ್ಚಿದ ಕರುಗಳು

ಹುಳುಕಡ್ಡಿ ಹತ್ತಿದ ಕರುಗಳಲ್ಲಿ ಅರ್ಧಕ್ಕೆ ಸೀಮೆ ಅಗಸೆ ಸೊಪ್ಪಿನ ರಸ, ಉಳಿದರ್ಧಕ್ಕೆ ಬರೀ ನೀರು. ವ್ಯತ್ಯಾಸ ಕಂಡರೆ ಶಾಲ್ಮಲಿಗೆ ಡಾಕ್ಟರೇಟು. ಆದರೆ ತಿಂಗಳೊಪ್ಪತ್ತಿನಲ್ಲಿ ಎಲ್ಲ ಕರುಗಳ ಮೈಯೂ ಒಂದೇ ಸಮ ನುಣ್ಣಗಾಯಿತು.

“ನೀರಿಗೇ ಆರಾಮಾಗೋ ರೋಗಕ್ಕ ನಿನ್ನ ಸೊಪ್ಪು ಯಾಕವಾ?” ಎಂದರು ಮಾರ್ಗದರ್ಶಕರು. ವರ್ಷಗಳ ಸಂಶೋಧನೆ ಅಲ್ಲಿಗೆ ಮುಗಿಯಿತು.

ಅವಳು ಕಣ್ಣೊರೆಸಿಕೊಳ್ಳುತ್ತ ಕೊಟ್ಟಿಗೆಗೆ ಬಂದು ರಸದ ಬಾಟಲಿಗಳನ್ನು ಕಟ್ಟತೊಡಗಿದಳು. ಕರುಗಳನ್ನು ನೋಡಿಕೊಳ್ಳುವ ನೀಲವ್ವ ಹತ್ತಿರ ಬಂದಳು.

“ಎಲ್ಲಾ ಆರಾಮಾಗ್ಯಾವಲ್ಲ, ಅಳೂದ್ಯಾಕ್ರೀ ಅಕ್ಕಾರ?”

“ನೀರು ಹಚ್ಚಿದ್ವೂ ಆರಾಮಾಗ್ಯಾವ ನೀಲವ್ವಾ, ಅದಕ್ಕ.”

ನೀಲವ್ವ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. “ನೀವು ಭೇದ ಮಾಡಿದ್ರಿ ಅಂತ ಯಾರಿಗೂ ಹೇಳಿಲ್ರೀ. ದಿನಾ ನೀವು ಹೋದಮ್ಯಾಗ, ಪಾಪ, ಅವಕ್ಕೂ ನಾನೇ ಅದೇ ರಸ ಹಚ್ಚೀನಿ.”